ಖಾಲಿ ಸಾಲುಗಳ ಪುಸ್ತಕ: ನಟನೊಬ್ಬನ ಏರಿಳಿತವನ್ನು ಓದುವ ಬಗೆ

"ಬೆಂಗಳೂರಿಗೆ ಹೊರಟೆ ಟೀಚರ್, ಸಿನಿಮಾಕ್ಕೆ" ಎಂದು ಹೇಳಿಹೋಗಲು ನಮ್ಮ ಮನೆಗೆ ಬರುವ ಮಕ್ಕಳು ಪ್ರತಿ ವರ್ಷ ಇದ್ದೇ ಇರುತ್ತಾರೆ. ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಒಂದೆರಡು ನಾಟಕಕ್ಕೆ ಬಣ್ಣ ಹಚ್ಚಿದವರು, ಹೆಗ್ಗೋಡಿನ ನೀನಾಸಮ್‌ಗೆ ಹೋಗಿ ನಾಟಕ ನೋಡಿ ಬಂದವರು, ಊರ ಜಾತ್ರೆಯ ನಾಟಕದಲ್ಲಿ ಶಿಳ್ಳೆ ಗಿಟ್ಟಿಸಿದವರು. ಕೆಲವರು ಚೆನ್ನೈ ಹೆಸರನ್ನೂ ಎತ್ತುತ್ತಾರೆ. ನಾನು ಬೇಡ ಅನ್ನುವುದಿಲ್ಲ. ಹೋಗುವ ಮುಂಚೆ ಒಂದು ಕೆಲಸ ಕೊಡುತ್ತೇನೆ. ಒಬ್ಬ ನಟನನ್ನು ಆರಿಸಿಕೊಂಡು, ಅವನ ಮೊದಲ ಚಿತ್ರದಿಂದ ಇವತ್ತಿನ ಚಿತ್ರದವರೆಗೆ ವರ್ಷಕ್ಕೊಂದು ಸಾಲು ಹಾಕಿ ಪುಸ್ತಕ ಮಾಡು, ಸಿಕ್ಕಿದಷ್ಟು ಚಿತ್ರ ನೋಡು, ಆಮೇಲೆ ಬಸ್ಸು ಹತ್ತು ಎನ್ನುತ್ತೇನೆ. ಆ ಪುಸ್ತಕ ಮಾಡುವ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಟನೆಗೆ ಹೋಗದವರೂ ಇದನ್ನು ಮಾಡಬಹುದು. ಆದರೆ ಹೋಗುವವರಿಗೆ ಇದು ಊಟದ ಬುತ್ತಿಗಿಂತ ಮುಖ್ಯ ಎಂದು ನನ್ನ ನಂಬಿಕೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಬೆಳೆದದ್ದು ಭದ್ರಾವತಿಯ ಪೇಪರ್ ಟೌನ್ ಕ್ವಾರ್ಟರ್ಸ್‌ನಲ್ಲಿ. ಕಬ್ಬಿಣದ ಕಾರ್ಖಾನೆಗೆ, ಕಾಗದದ ಕಾರ್ಖಾನೆಗೆ ಕೆಲಸಕ್ಕೆಂದು ಬಂದು ನೆಲೆ ನಿಂತ ತಮಿಳು ಮನೆಗಳು ನಮ್ಮ ಸಾಲಿನಲ್ಲೇ ಇದ್ದವು. ಅವರ ಅಂಗಳದಲ್ಲಿ ಆಡಿ ಆಡಿ ತಮಿಳು ಬಂತು, ಊರಿನ ಟಾಕೀಸಿಗೆ ಬರುತ್ತಿದ್ದ ತಮಿಳು ಚಿತ್ರಗಳಿಂದ ಅದು ಗಟ್ಟಿಯಾಯಿತು. ಹಾಗಾಗಿ ಮಾದರಿಗೆ ನಾನು ಯಾವಾಗಲೂ ಎತ್ತಿಕೊಳ್ಳುವುದು ತಮಿಳಿನ ವಿಕ್ರಮ್ ಅವರನ್ನು.

ಯಾರನ್ನು ಆರಿಸಬೇಕು

ಮೊದಲ ಚಿತ್ರದಲ್ಲೇ ಗೆದ್ದು ಕೊನೆಯವರೆಗೆ ಗೆಲ್ಲುತ್ತಲೇ ಹೋದವರನ್ನು ಆರಿಸಬೇಡಿ. ಅವರ ಪುಸ್ತಕ ನೋಡಲು ಚಂದ, ಕಲಿಯಲು ಏನೂ ಸಿಗುವುದಿಲ್ಲ. ಇಪ್ಪತ್ತೈದು ಮೂವತ್ತು ವರ್ಷ ಕೆಲಸ ಮಾಡಿದವರಿರಬೇಕು, ನಡುವೆ ಬಿದ್ದು ಎದ್ದಿರಬೇಕು, ಚಿತ್ರಗಳು ಮೂಲ ಭಾಷೆಯಲ್ಲಿ ನೋಡಲು ಸಿಗಬೇಕು. ವಿಕ್ರಮ್ ಈ ಮೂರಕ್ಕೂ ಒದಗುತ್ತಾರೆ. 1966ರಲ್ಲಿ ಹುಟ್ಟಿದವರು, ಹೆತ್ತವರಿಟ್ಟ ಹೆಸರು ಕೆನಡಿ. ಮೊದಲ ಚಿತ್ರ 1990ರಲ್ಲಿ. ಜನ ಅವರ ಹೆಸರು ಹಿಡಿದು ಕೂಗಿದ್ದು 1999ರ ಡಿಸೆಂಬರ್ ಕಳೆದ ಮೇಲೆ. ನಡುವಿನ ಆ ಕಾಲವನ್ನು ಬಿಡಿಸಿ ನೋಡುವುದಕ್ಕೇ ಈ ಪುಸ್ತಕದ ಅರ್ಧ ಪುಟಗಳು ಹೋಗಬೇಕು.

ಅವರ ಕತೆಯಲ್ಲಿ ಇನ್ನೊಂದು ವಿಷಯವಿದೆ. ಕಾಲೇಜು ದಿನಗಳಲ್ಲಿ ಬೈಕ್ ಅಪಘಾತವಾಗಿ ಕಾಲಿಗೆ ಬಲವಾದ ಪೆಟ್ಟು ಬಿತ್ತು. ಕಾಲು ಉಳಿಸಿಕೊಳ್ಳಲು ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಮೊದಲ ಚಿತ್ರಕ್ಕಿಂತ ಮುಂಚಿನ ಈ ವರ್ಷಗಳಿಗೂ ಪುಸ್ತಕದಲ್ಲಿ ಜಾಗ ಕೊಡಿ. ಏಕೆಂದರೆ ಎಲ್ಲರ ಏರಿಳಿತವೂ ಕ್ಯಾಮೆರಾ ಮುಂದೆ ನಿಂತ ದಿನದಿಂದಲೇ ಶುರುವಾಗುವುದಿಲ್ಲ.

ಪುಸ್ತಕಕ್ಕೆ ಗೆರೆ ಹಾಕುವುದು

ಅಂಗಡಿಯ ಲೆಕ್ಕಕ್ಕೆ ಬಳಸುವ ಉದ್ದನೆಯ ಪುಸ್ತಕ ಒಳ್ಳೆಯದು. ಎಡಕ್ಕೆ ವರ್ಷ. ಆಮೇಲೆ ಚಿತ್ರದ ಹೆಸರು, ನಿರ್ದೇಶಕರು, ತೆರೆ ಕಂಡ ತಿಂಗಳು. ಅದರ ಪಕ್ಕದಲ್ಲಿ ಅಗಲವಾದ ಒಂದು ಮನೆ: "ಏನು ಕೆಲಸ ಮಾಡಿದ?" ಅದರಲ್ಲಿ ಪಾತ್ರದ ಹೆಸರು ಬರೆದು ಸುಮ್ಮನಾಗಬಾರದು. ದನಿ ಏನು ಮಾಡಿತು, ಮೈ ಏನು ಮಾಡಿತು, ಎದುರಿಗಿದ್ದ ನಟನಿಗೆ ಜಾಗ ಬಿಟ್ಟನೋ ಇಲ್ಲವೋ ಎಂದು ನಿಮ್ಮ ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು. ಕೊನೆಯ ಮನೆಯಲ್ಲಿ ಚಿತ್ರ ಹೇಗೆ ಓಡಿತು ಎಂಬುದು, ಅದೂ ಚಿಕ್ಕದಾಗಿ.

ಇಷ್ಟು ಕೋಟಿ ಗಳಿಸಿತು, ಅಷ್ಟು ಕೋಟಿ ನಷ್ಟವಾಯಿತು ಎಂಬ ಅಂಕಿಗಳನ್ನು ಬರೆಯಲೇಬೇಡಿ. ಒಂದೇ ಚಿತ್ರಕ್ಕೆ ನಾಲ್ಕು ಕಡೆ ನಾಲ್ಕು ಅಂಕಿ ಇರುತ್ತದೆ, ನಟನಾಗುವವನಿಗೆ ಅವುಗಳಿಂದ ಒಂದು ಅಕ್ಷರದ ಪಾಠವೂ ಇಲ್ಲ. ಚಿತ್ರ ಯಾವ ಊರಿಗೆ ಬಂತು, ಎಷ್ಟು ವಾರ ನಿಂತಿತು ಎಂದು ತಿಳಿಯಬೇಕೆಂದಿದ್ದರೆ ಗ್ರಂಥಾಲಯಕ್ಕೆ ಹೋಗಿ ಹಳೆಯ ದಿನಪತ್ರಿಕೆ ಕೇಳಿ. ಒಳಪುಟದಲ್ಲಿ ಟಾಕೀಸುಗಳ ಜಾಹೀರಾತು ಇರುತ್ತದೆ. ಭದ್ರಾವತಿಯ ಟಾಕೀಸಿನಲ್ಲಿ ಒಂದು ತಮಿಳು ಚಿತ್ರ ಎರಡನೇ ವಾರಕ್ಕೆ ಕಾಲಿಟ್ಟಿತೇ ಎಂಬುದನ್ನು ಆ ಪುಟ ನೋಡಿಯೇ ತಿಳಿಯಬೇಕು.

ಬಹಳ ಮುಖ್ಯವಾದದ್ದು ಇದು: ಚಿತ್ರವೇ ಬರದ ವರ್ಷಕ್ಕೂ ಒಂದು ಸಾಲು ಬಿಡಿ. ವರ್ಷ ಬರೆಯಿರಿ, ಮುಂದಿನ ಮನೆಗಳನ್ನು ಖಾಲಿ ಇಡಿ. ಮಕ್ಕಳು ಮೊದಮೊದಲು ಈ ಸಾಲುಗಳನ್ನು ನುಂಗಿಬಿಡುತ್ತಾರೆ, 2005ರ ಕೆಳಗೆ ನೇರವಾಗಿ 2008 ಬರೆಯುತ್ತಾರೆ. ಹಾಗೆ ಬರೆದರೆ ಇಡೀ ಬದುಕು ಗೆಲುವು ಸೋಲುಗಳ ಪಟ್ಟಿಯಾಗುತ್ತದೆ. ಒಬ್ಬ ನಟ ನಿಜಕ್ಕೂ ಕಷ್ಟಪಟ್ಟದ್ದು ಸೋತ ಚಿತ್ರದ ಶುಕ್ರವಾರದಂದಲ್ಲ, ಯಾವ ಚಿತ್ರವೂ ಇಲ್ಲದ ತಿಂಗಳುಗಳಲ್ಲಿ. ನಮ್ಮೂರಿನಿಂದ ಹೋದವರು ವಾಪಸ್ ಬರುವುದೂ ಆ ತಿಂಗಳುಗಳಲ್ಲೇ.

ಮೊದಲ ಹತ್ತು ವರ್ಷ

1990ರಲ್ಲಿ 'ಎನ್ ಕಾದಲ್ ಕಣ್ಮಣಿ'. 1991ರಲ್ಲಿ 'ತಂದು ವಿಟ್ಟೇನ್ ಎನ್ನೈ', ನಿರ್ದೇಶಕರು ಸಿ.ವಿ. ಶ್ರೀಧರ್. 1992ರಲ್ಲಿ ಎಸ್.ಪಿ. ಮುತ್ತುರಾಮನ್ ಅವರ 'ಕಾವಲ್ ಗೀತಂ', ಅದೇ ವರ್ಷ ಛಾಯಾಗ್ರಾಹಕ ಪಿ.ಸಿ. ಶ್ರೀರಾಮ್ ನಿರ್ದೇಶಿಸಿದ 'ಮೀರಾ', ಸಂಗೀತ ಇಳಯರಾಜಾ. 1994ರಲ್ಲಿ ವಿಕ್ರಮನ್ ಅವರ 'ಪುದಿಯ ಮನ್ನರ್ಗಳ್', ಸಂಗೀತ ಎ.ಆರ್. ರೆಹಮಾನ್. ಈ ಸಾಲುಗಳನ್ನು ಬರೆದು ಮುಗಿಸಿ ಒಮ್ಮೆ ಮೇಲಿಂದ ಕೆಳಗೆ ಓದಿ. ತಮಿಳು ಚಿತ್ರರಂಗ ಬಲ್ಲ ಯಾರಿಗೇ ಈ ಹೆಸರುಗಳನ್ನು ತೋರಿಸಿದರೂ "ಇಂಥವರ ಜೊತೆ ಕೆಲಸ ಸಿಕ್ಕರೆ ಸಾಕಲ್ಲ" ಎನ್ನುತ್ತಾರೆ. ಯಾವುದೂ ಕೈ ಹಿಡಿಯಲಿಲ್ಲ. "ಒಬ್ಬ ದೊಡ್ಡ ಡೈರೆಕ್ಟರ್ ಕಣ್ಣಿಗೆ ಬಿದ್ರೆ ಸಾಕು ಟೀಚರ್" ಎನ್ನುವ ಮಗುವಿಗೆ ನಾನು ಬಾಯಿಂದ ಉತ್ತರ ಕೊಡುವುದಿಲ್ಲ, ಈ ಪುಟ ತೆರೆಯುತ್ತೇನೆ.

ಇದೇ ಕಾಲದಲ್ಲಿ ಅವರು ಮಲಯಾಳಂಗೆ ಹೋದರು, ತೆಲುಗಿಗೆ ಹೋದರು. 1993ರ 'ಧ್ರುವಂ'ನಲ್ಲಿ ಮಮ್ಮೂಟ್ಟಿಯವರ ಪಕ್ಕದಲ್ಲಿ ಸಣ್ಣ ಪಾತ್ರ, ಅದೇ ವರ್ಷ 'ಮಾಫಿಯಾ'. ಈ ಚಿತ್ರಗಳಲ್ಲಿ ಅವರಿರುವ ದೃಶ್ಯಗಳನ್ನಷ್ಟೇ ನೋಡಿದರೂ ಸಾಕು. ತಮಿಳಿನಲ್ಲಿ ನಾಯಕನಾಗಿ ನಿಂತವನು ಪಕ್ಕದ ಭಾಷೆಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲಲು ಒಪ್ಪಿದ್ದನ್ನು ಗುರುತು ಹಾಕಿಕೊಳ್ಳಿ.

ಈಗ ಪುಸ್ತಕಕ್ಕೆ ಇನ್ನೊಂದು ಬಣ್ಣದ ಪೆನ್ನು ಬೇಕು. ಈ ವರ್ಷಗಳಲ್ಲಿ ಅವರು ಬೇರೆಯವರಿಗೆ ದನಿ ಕೊಟ್ಟರು. 1993ರ 'ಅಮರಾವತಿ'ಯಲ್ಲಿ ಅಜಿತ್ ಅವರಿಗೆ, 1994ರ 'ಕಾದಲನ್'ನಲ್ಲಿ ಪ್ರಭುದೇವ ಅವರಿಗೆ, 1996ರ 'ಕಾದಲ್ ದೇಶಂ'ನಲ್ಲಿ ಅಬ್ಬಾಸ್ ಅವರಿಗೆ. ಇವುಗಳನ್ನು ಹಸಿರು ಅಕ್ಷರದಲ್ಲಿ ಬರೆಯಿರಿ, ಏಕೆಂದರೆ ಮುಖ ಕಾಣದ ಕೆಲಸವೂ ಕೆಲಸವೇ. ನಮ್ಮ ಕಡೆಯ ಬಡಗುತಿಟ್ಟಿನ ಯಕ್ಷಗಾನ ಮೇಳಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸುತ್ತವೆ. ಆಗ ಅರ್ಥಗಾರಿಕೆ ಬಲ್ಲ ಕಲಾವಿದರು ತಾಳಮದ್ದಳೆಯಲ್ಲಿ ಕೂತು, ಬಣ್ಣವಿಲ್ಲದೆ, ಗೆಜ್ಜೆಯಿಲ್ಲದೆ ಮಾತಿನಲ್ಲೇ ಪಾತ್ರ ಕಟ್ಟುತ್ತಾರೆ. ಮಳೆ ಬಿಟ್ಟು ಮತ್ತೆ ರಂಗಕ್ಕೆ ಇಳಿದಾಗ ಅವರ ಮಾತಿಗೆ ಬೇರೆಯೇ ಬಿಗಿ ಬಂದಿರುತ್ತದೆ. ವಿಕ್ರಮ್ ಅವರ ಹಸಿರು ಸಾಲುಗಳನ್ನು ನಾನು ಹಾಗೆಯೇ ಓದುತ್ತೇನೆ.

ಕೇಳುವುದು ಹೇಗೆ? ನಾವು ಮಾಡುವುದು ಹೀಗೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿಯ ಮೇಲೆ ಒಂದು ದಪ್ಪ ಟವೆಲ್ ಇಳಿಬಿಟ್ಟು 'ಅಮರಾವತಿ'ಯ ಮಾತಿನ ದೃಶ್ಯವೊಂದನ್ನು ಬರೀ ಕೇಳುತ್ತೇವೆ. ಹೊರಗೆ ಆಷಾಢದ ಮಳೆ ಹೆಂಚಿನ ಮೇಲೆ ಹುಯ್ಯುತ್ತಿದ್ದರೆ ದನಿ ಏರಿಸಬೇಕು. ಆಮೇಲೆ ಟವೆಲ್ ತೆಗೆದು ಅದೇ ದೃಶ್ಯವನ್ನು ನೋಡುವುದು. ಒಮ್ಮೆ ರಿಪ್ಪನ್‌ಪೇಟೆಯ ಹುಡುಗಿಯೊಬ್ಬಳು ಟವೆಲ್ ತೆಗೆದ ಕೂಡಲೇ, "ಎಂತ ಟೀಚರ್ ಇದು, ಉಸಿರು ಇವರದ್ದಲ್ಲ ಅಲ್ದ?" ಎಂದಳು. ಅವಳು ಹಿಡಿದದ್ದು ಸರಿಯಾದ ಎಳೆ. ತುಟಿ ಹೊಂದಿಸುವುದು ಯಂತ್ರದ ಕೆಲಸ, ಬೇರೊಬ್ಬನ ಎದೆ ಏರಿಳಿಯುವುದಕ್ಕೆ ತನ್ನ ಉಸಿರು ಹೊಂದಿಸುವುದು ನಟನ ಕೆಲಸ. ಆ ಹುಡುಗಿ ಈಗ ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಡಬ್ಬಿಂಗ್ ಮಾಡುತ್ತಾಳೆ, ತಿಂಗಳ ಬಾಡಿಗೆ ಅದರಲ್ಲೇ ಕಟ್ಟುತ್ತಾಳೆ, ನಾಟಕದ ತಾಲೀಮಿಗೂ ಹೋಗುತ್ತಾಳೆ.

1997ರ ಸಾಲಿನಲ್ಲಿ 'ಉಲ್ಲಾಸಂ' ಬರುತ್ತದೆ. ಅದರಲ್ಲಿ ಅಜಿತ್ ಮತ್ತು ವಿಕ್ರಮ್ ಇಬ್ಬರೂ ಇದ್ದಾರೆ. ನಾಲ್ಕು ವರ್ಷದ ಹಿಂದೆ ಯಾರಿಗೆ ದನಿ ಕೊಟ್ಟಿದ್ದರೋ ಅವರು ಈಗ ತಮಗಿಂತ ಮೇಲಿನ ಮೆಟ್ಟಿಲಲ್ಲಿದ್ದಾರೆ. ಈ ಎರಡು ಸಾಲುಗಳ ನಡುವೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯಿರಿ. ಜೊತೆಯಲ್ಲಿ ಹೊರಟವರು ಮುಂದೆ ಹೋದಾಗ ಆಗುವ ಸಂಕಟ ಎಲ್ಲ ಕಲಾವಿದರಿಗೂ ಗೊತ್ತು. ಅದನ್ನು ಬಚ್ಚಿಡಬೇಕಾಗಿಲ್ಲ, ಪುಸ್ತಕದಲ್ಲಿ ಕಾಣುವಂತೆ ಬರೆದಿಡಬೇಕು.

'ಸೇತು' ಮತ್ತು ನಮ್ಮ 'ಹುಚ್ಚ'

ಇಲ್ಲಿಗೆ ಬಂದಾಗ ಅವಸರ ಬೇಡ. ಎರಡು ಭಾನುವಾರ ಇದಕ್ಕೇ ಇಡಿ.

'ಸೇತು' ನಿರ್ದೇಶಿಸಿದ ಬಾಲಾ ಅವರಿಗೆ ಅದು ಮೊದಲ ಚಿತ್ರ. ಅವರು ಬಾಲು ಮಹೇಂದ್ರ ಅವರ ಬಳಿ ಕೆಲಸ ಕಲಿತವರು. (ಬಾಲು ಮಹೇಂದ್ರ ನಿರ್ದೇಶಕರಾದದ್ದು ಕನ್ನಡದ 'ಕೋಕಿಲ'ದಿಂದ, 1977ರಲ್ಲಿ. ನಮ್ಮ ಮಕ್ಕಳಿಗೆ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.) ಚಿತ್ರದ ಕೆಲಸ ಬಹಳ ಕಾಲ ಎಳೆಯಿತು. ವಿಕ್ರಮ್ ಪಾತ್ರಕ್ಕಾಗಿ ತಲೆ ಬೋಳಿಸಿ, ಮೈ ಇಳಿಸಿ ಕಾದರು. ಮುಗಿದ ಮೇಲೂ ಕೊಳ್ಳುವವರು ಬರಲಿಲ್ಲ. ಕೊನೆಗೆ 1999ರ ಡಿಸೆಂಬರ್‌ನಲ್ಲಿ ಹೆಚ್ಚು ಸದ್ದಿಲ್ಲದೆ ತೆರೆಗೆ ಬಂತು. ನೋಡಿದವರು ನೋಡದವರಿಗೆ ಹೇಳಿದರು, ಚಿತ್ರ ನೂರು ದಿನ ದಾಟಿತು, ತಮಿಳಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಆ ಪಾತ್ರವನ್ನು ಗೆಳೆಯರು ಕರೆಯುವ 'ಚಿಯಾನ್' ಎಂಬ ಹೆಸರು ವಿಕ್ರಮ್ ಅವರ ಹೆಸರಿನ ಹಿಂದೆ ಶಾಶ್ವತವಾಗಿ ಸೇರಿಕೊಂಡಿತು.

ಎರಡು ವರ್ಷಕ್ಕೆ ಅದೇ ಕತೆ ಕನ್ನಡಕ್ಕೆ 'ಹುಚ್ಚ' ಆಗಿ ಬಂತು, ನಿರ್ದೇಶನ ಓಂ ಪ್ರಕಾಶ್ ರಾವ್. ನಾಯಕ ಶಿವಮೊಗ್ಗದ ಸುದೀಪ್. ಅಷ್ಟರಲ್ಲಿ ಅವರು 'ತಾಯವ್ವ', 'ಪ್ರತ್ಯರ್ಥ', 'ಸ್ಪರ್ಶ' ಮಾಡಿದ್ದರು. 'ಹುಚ್ಚ'ದ ಪಾತ್ರದ ಹೆಸರು ಕಿಚ್ಚ. ಒಂದೇ ಪಾತ್ರ ಚೆನ್ನೈನಲ್ಲಿ ಒಬ್ಬರನ್ನು ಚಿಯಾನ್ ಮಾಡಿತು, ನಮ್ಮೂರಿನ ಒಬ್ಬರನ್ನು ಕಿಚ್ಚ ಮಾಡಿತು. ಶಿವಮೊಗ್ಗದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಎಲ್ಲಿ ಸಿಕ್ಕೀತು?

ಎರಡೂ ಚಿತ್ರಗಳ ಮೊದಲರ್ಧದಲ್ಲಿ ಕಾಲೇಜಿನ ಗೇಟು, ಜಗಳ, ಹುಡುಗಿಯ ಹಿಂದೆ ತಿರುಗುವುದು ಇದೆ. ಹುಡುಗಿಯನ್ನು ಹೆದರಿಸಿ ಪ್ರೀತಿ ಪಡೆಯುವ ಭಾಗವನ್ನು ನಾನು ಒಪ್ಪುವುದಿಲ್ಲ, ತರಗತಿಯಲ್ಲಿ ಅದನ್ನು ಮುಚ್ಚಿಡದೆ ಹೇಳುತ್ತೇನೆ. ನಟನೆಯ ಪಾಠವಿರುವುದು ದ್ವಿತೀಯಾರ್ಧದಲ್ಲಿ. ತಲೆಗೆ ಪೆಟ್ಟು ಬಿದ್ದು, ಮತಿ ಕಳೆದುಕೊಂಡು, ಸರಪಳಿ ಹಾಕಿಸಿಕೊಂಡು ಕೂತ ಭಾಗ. ಮೊದಲು 'ಸೇತು'ವಿನ ದೃಶ್ಯ, ಕೂಡಲೇ 'ಹುಚ್ಚ'ದ ಅದೇ ದೃಶ್ಯ. ಯಾರು ಹೆಚ್ಚು ಎಂದು ಕೇಳಬೇಡಿ. ನೋಟ ಎಲ್ಲಿ ನಿಲ್ಲುತ್ತದೆ, ಕುತ್ತಿಗೆ ಎಷ್ಟು ಬಾಗುತ್ತದೆ, ಬೆರಳುಗಳು ಸುಮ್ಮನಿವೆಯೋ ಏನನ್ನಾದರೂ ಹುಡುಕುತ್ತಿವೆಯೋ ಎಂದು ಒಬ್ಬೊಬ್ಬರು ಒಂದೊಂದು ಅಂಗ ಹಂಚಿಕೊಂಡು ನೋಡಿ. ಆಮೇಲೆ ಪುಸ್ತಕದ ಅಗಲ ಮನೆಯಲ್ಲಿ ಬರೆಯಿರಿ. ಬುದ್ಧಿ ಮರಳಿ ಬಂದವನು ಅದನ್ನು ಬಾಯಿಬಿಟ್ಟು ಹೇಳುವ ಮೊದಲು ಅವನ ಮೈ ಹೇಳುವ ಕ್ಷಣವೊಂದಿದೆ. ಅದನ್ನು ಯಾರ ಸಹಾಯವೂ ಇಲ್ಲದೆ ಗುರುತಿಸಿದವರು ನೋಡಲು ಕಲಿತರು ಎಂದು ನಾನು ತಿಳಿಯುತ್ತೇನೆ.

ಏರುವಾಗಲೂ ನೋಡಬೇಕು

'ಸೇತು' ಗೆದ್ದ ಮೇಲೆ ದಾರಿ ನೇರವಾಯಿತು ಎಂದು ಜನ ಭಾವಿಸುತ್ತಾರೆ. ಸಾಲುಗಳನ್ನು ಹಾಕಿ ನೋಡಿ. ಧರಣಿ ನಿರ್ದೇಶನದ 'ದಿಲ್' ಬರಲು 2001 ಆಗಬೇಕಾಯಿತು. ಅದೇ ವರ್ಷದ ಕೊನೆಗೆ 'ಕಾಸಿ'ಯಲ್ಲಿ ಕುರುಡ ಹಾಡುಗಾರ. 2002ರಲ್ಲಿ 'ಜೆಮಿನಿ' ದೊಡ್ಡ ಗೆಲುವು, ಅದೇ ವರ್ಷ 'ಸಾಮುರಾಯ್', 'ಕಿಂಗ್' ಬಂದವು, ನಿಲ್ಲಲಿಲ್ಲ. 2003ರಲ್ಲಿ 'ಧೂಳ್', 'ಕಾದಲ್ ಸಡುಗುಡು', 'ಸಾಮಿ', 'ಪಿತಾಮಗನ್'. ನಾಲ್ಕರಲ್ಲಿ ಒಂದು ಸೋತಿದೆ, ಈಗ ಅದರ ಹೆಸರು ನೆನಪಿರುವವರೇ ಕಡಿಮೆ. ಏರುವ ಕಾಲದಲ್ಲಿ ಸೋಲು ಬಂದರೆ ಯಾರೂ ಲೆಕ್ಕ ಇಡುವುದಿಲ್ಲ, ಇಳಿಯುವ ಕಾಲದಲ್ಲಿ ಅದೇ ಸೋಲನ್ನು ಎಲ್ಲರೂ ಎಣಿಸುತ್ತಾರೆ. ಪುಸ್ತಕವಿದ್ದರೆ ಎರಡನ್ನೂ ಒಂದೇ ತೂಕದಲ್ಲಿ ನೋಡಬಹುದು.

'ಪಿತಾಮಗನ್' ನಿರ್ದೇಶಿಸಿದವರೂ ಬಾಲಾ ಅವರೇ. ಸ್ಮಶಾನದಲ್ಲಿ ಬೆಳೆದವನ ಪಾತ್ರ. ಮಾತು ಇಲ್ಲವೆನ್ನುವಷ್ಟು ಕಡಿಮೆ, ಗಂಟಲಿನ ಸದ್ದುಗಳಷ್ಟೇ. ಆ ವರ್ಷದ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಇದಕ್ಕೇ ಬಂತು. ಹಿಂದಿನ ಪುಟ ತಿರುಗಿಸಿ ಹಸಿರು ಸಾಲುಗಳನ್ನು ನೋಡಿ. ವರ್ಷಗಟ್ಟಲೆ ಪರರಿಗೆ ಮಾತು ಕೊಟ್ಟವನಿಗೆ ದೇಶದ ಮನ್ನಣೆ ಸಿಕ್ಕಿದ್ದು ಮಾತನ್ನೇ ಬಿಟ್ಟ ಪಾತ್ರದಲ್ಲಿ. ದನಿಯ ಮೇಲೆ ಅಷ್ಟು ಹಿಡಿತವಿದ್ದವನು ಮಾತ್ರ ಅದನ್ನು ಅಷ್ಟು ಧೈರ್ಯವಾಗಿ ಕೆಳಗಿಡಬಲ್ಲ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಸೂರ್ಯ ಈ ಚಿತ್ರದಲ್ಲಿ ಬಾಯಿ ಮುಚ್ಚದ ಚಾಲಾಕಿ. ಅವರು ಮಾತಾಡುವಾಗ ವಿಕ್ರಮ್ ಏನು ಮಾಡುತ್ತಾರೆ ಎಂಬುದನ್ನು ಮಾತ್ರ ನೋಡುತ್ತ ಒಂದು ಸಲ ಪೂರ್ತಿ ಚಿತ್ರ ನೋಡಿ.

2005ರ 'ಅನ್ನಿಯನ್' ಎಲ್ಲರೂ ನೋಡಿರುತ್ತಾರೆ. ಪೊಲೀಸ್ ವಿಚಾರಣೆಯ ದೃಶ್ಯವನ್ನು ದನಿ ಆರಿಸಿ ಹಾಕಿ. ಎದುರಿಗೆ ನಮ್ಮ ಪ್ರಕಾಶ್ ರೈ. ಅಂಬಿ, ಅನ್ನಿಯನ್ ಇಬ್ಬರೂ ಒಬ್ಬನೊಳಗಿನ ಬೇರೆ ಬೇರೆ ವ್ಯಕ್ತಿತ್ವಗಳು; ಅಂಬಿ ಯಾವಾಗ ಹೋದ, ಅನ್ನಿಯನ್ ಯಾವಾಗ ಬಂದ ಎಂದು ಬರೀ ಭುಜ ನೋಡಿ ಹೇಳಬೇಕು. ಪ್ರಕಾಶ್ ರೈ ಅವರ ಮುಖವನ್ನೂ ನೋಡಿ. ಎದುರಿನವನು ನಂಬಿದರೆ ಮಾತ್ರ ನಾವು ನಂಬುತ್ತೇವೆ.

ಖಾಲಿ ಸಾಲುಗಳನ್ನು ಓದುವುದು

ಈಗ 2006 ಮತ್ತು 2007. ಎರಡೂ ಖಾಲಿ. ಶಂಕರ್ ನಿರ್ದೇಶನದ 'ಅನ್ನಿಯನ್'ನಂಥ ದೊಡ್ಡ ಚಿತ್ರ ಬಂದ ವರ್ಷವೇ ನವೆಂಬರ್‌ನಲ್ಲಿ 'ಮಜಾ' ಬಂತು. ಆಮೇಲೆ 'ಭೀಮಾ' ತೆರೆಗೆ ಬಂದದ್ದು 2008ರ ಜನವರಿಯಲ್ಲಿ. ಈ ಎರಡು ವರ್ಷ ಅವರು ಕೆಲಸ ಬಿಟ್ಟು ಕೂತಿರಲಿಲ್ಲ, ಮಾಡಿದ ಕೆಲಸ ಹೊರಗೆ ಬರಲಿಲ್ಲ. ಮುಂದೆ 2014 ಖಾಲಿ, ಕಾರಣ ಬೇರೆ: 'ಐ' ಎಂಬ ಒಂದೇ ಚಿತ್ರ ನುಂಗಿದ ಕಾಲ. 2017 ಖಾಲಿ. 2020, 2021 ಖಾಲಿ, ಆಗ ಟಾಕೀಸುಗಳೇ ಮುಚ್ಚಿದ್ದ ಕಾಲ, ಕಾರಣ ಎಲ್ಲರಿಗೂ ಗೊತ್ತು.

ಖಾಲಿ ಸಾಲಿನ ಮುಂದೆ ಕಾರಣವನ್ನು ಬರೆಯಬೇಕು, ಅದೂ ಆಧಾರ ಸಿಕ್ಕಿದ್ದರೆ ಮಾತ್ರ. ನಾನು ಮಕ್ಕಳಿಗೆ ನಾಲ್ಕು ಗುರುತು ಕೊಟ್ಟಿದ್ದೇನೆ. ಕೆಲಸವೇ ಸಿಗದಿದ್ದರೆ ಒಂದು ಸೊನ್ನೆ. ಕೆಲಸ ಮುಗಿದು ಪೆಟ್ಟಿಗೆಯಲ್ಲಿ ಕೂತಿದ್ದರೆ ಒಂದು ಚೌಕ. ಒಂದೇ ಚಿತ್ರಕ್ಕೆ ವರ್ಷ ಕೊಟ್ಟಿದ್ದರೆ ಉದ್ದ ಗೆರೆ. ಹೊರಗಿನ ಕಾರಣವಾದರೆ ಒಂದು ಕೊಡೆ. ಸೊನ್ನೆ ಮತ್ತು ಚೌಕ ಹೊರಗಿನವರಿಗೆ ಒಂದೇ ಥರ ಕಾಣುತ್ತವೆ, ಊರಲ್ಲಿ ಕೇಳುವ ಪ್ರಶ್ನೆಯೂ ಒಂದೇ: "ಎಂತ ಮಾರಾಯ, ನಿನ್ನ ಪಿಕ್ಚರ್ ಬರ್ಲೇ ಇಲ್ವಲ?" ಒಳಗಿದ್ದವನಿಗೆ ಅವೆರಡೂ ಬೇರೆ ಬೇರೆ ನೋವು. ಚೌಕಕ್ಕೆ ದೊಡ್ಡ ಉದಾಹರಣೆ ಗೌತಮ್ ಮೆನನ್ ಅವರ 'ಧ್ರುವ ನಚ್ಚತ್ತಿರಂ'. 2017ರಲ್ಲಿ ಶುರುವಾದ ಚಿತ್ರೀಕರಣ, 2023ರ ನವೆಂಬರ್ 24 ಎಂದು ದಿನವೂ ಪ್ರಕಟವಾಗಿ, ಅಂದೂ ತೆರೆ ಕಾಣಲಿಲ್ಲ. ಅದರಲ್ಲಿ ನಟನ ತಪ್ಪು ಹುಡುಕುವುದರಲ್ಲಿ ಅರ್ಥವಿಲ್ಲ.

ಇಲ್ಲಿಯೇ ನಮ್ಮ ಮಕ್ಕಳಿಗೆ ಹೇಳುವ ಮಾತು ಒಂದಿದೆ. ಹೋದ ಮೊದಲ ವರ್ಷದಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಸೊನ್ನೆ ಮತ್ತು ಚೌಕಗಳೇ. ಆಡಿಷನ್ ಕೊಟ್ಟಿರುತ್ತೀರಿ, ಫೋನು ಬರುವುದಿಲ್ಲ. ಎರಡು ದಿನ ಶೂಟಿಂಗ್ ಆಗಿರುತ್ತದೆ, ಚಿತ್ರ ನಿಂತುಹೋಗುತ್ತದೆ. ಮನೆಯಲ್ಲಿ ಅಡಿಕೆ ಕೊಯ್ಲಿಗೆ ಆಳು ಸಿಗುತ್ತಿಲ್ಲ, ಬಾ ಎಂದು ಅಪ್ಪಯ್ಯ ಕರೆಯುತ್ತಾರೆ. ಬಂದು ಕೊಯ್ಲು ಮುಗಿಸಿ ಹೋಗಿ, ಅದರಲ್ಲಿ ಅವಮಾನವೇನಿಲ್ಲ. ಆದರೆ ಆ ಸಾಲಿಗೆ ಹಸಿರು ಅಕ್ಷರದಲ್ಲಿ ಏನಾದರೂ ಬರೆಯುವಂತಿರಲಿ. ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದುವುದು, ಡಬ್ಬಿಂಗ್ ಸ್ಟುಡಿಯೊದಲ್ಲಿ ಗುಂಪಿನ ದನಿ ಕೊಡುವುದು, ರಂಗಾಯಣದ ನಾಟಕಕ್ಕೆ ಹೋಗಿ ಕೂತು ನೋಡುವುದು. ಯಾವುದಾದರೂ ಸರಿ.

ಇಳಿಯುವ ಕಾಲದ ಒಳ್ಳೆಯ ಕೆಲಸ

2009ರ 'ಕಂದಸಾಮಿ'ಯಿಂದ 2013ರವರೆಗಿನ ಸಾಲುಗಳನ್ನು ಜನ ಇಳಿಗಾಲ ಎನ್ನುತ್ತಾರೆ. ಆದರೆ ಅಗಲದ ಮನೆಯಲ್ಲಿ ಹೆಚ್ಚು ಬರೆಯಬೇಕಾಗಿ ಬಂದ ಎರಡು ಸಾಲುಗಳು ಇಲ್ಲಿಯೇ ಇವೆ.

ಒಂದು 2010ರ ಜೂನ್. ಮಣಿರತ್ನಂ ಅವರು ಒಂದೇ ಕತೆಯನ್ನು ತಮಿಳಿನಲ್ಲಿ 'ರಾವಣನ್' ಎಂದೂ ಹಿಂದಿಯಲ್ಲಿ 'ರಾವಣ್' ಎಂದೂ ಏಕಕಾಲಕ್ಕೆ ಮಾಡಿದರು. ತಮಿಳಿನಲ್ಲಿ ವಿಕ್ರಮ್ ಅಪಹರಿಸುವವನು, ಎದುರಿಗೆ ಪೊಲೀಸ್ ಅಧಿಕಾರಿಯಾಗಿ ಪೃಥ್ವಿರಾಜ್. ಹಿಂದಿಯಲ್ಲಿ ವಿಕ್ರಮ್ ಅವರೇ ಪೊಲೀಸ್ ಅಧಿಕಾರಿ, ಎದುರಿಗೆ ಅಭಿಷೇಕ್ ಬಚ್ಚನ್. ಸೇತುವೆಯ ಮೇಲಿನ ಹೊಡೆದಾಟವನ್ನು ಎರಡರಲ್ಲೂ ನೋಡಿ. ಅದೇ ಕತೆ, ಅದೇ ಹೊಡೆದಾಟ, ನಟ ಈ ಬದಿಯಿಂದ ಆ ಬದಿಗೆ ಹೋಗಿದ್ದಾನೆ. ನಿಂತ ನಿಲುವೇ ಬದಲಾಗಿರುವುದನ್ನು ಅರ್ಧ ನಿಮಿಷದಲ್ಲಿ ಹಿಡಿಯಬಹುದು. ಇಂಥ ಅವಕಾಶ ಅಭ್ಯಾಸ ಮಾಡುವವರಿಗೆ ಅಪರೂಪ.

ಎರಡನೆಯದು 2011ರ 'ದೈವ ತಿರುಮಗಳ್'. ಮಗುವಿನ ಬುದ್ಧಿಯ ತಂದೆ, ಕೋರ್ಟಿನಲ್ಲಿ ದೂರ ಕೂತ ಮಗಳ ಜೊತೆ ಮಾತಿಲ್ಲದೆ ಕೈಸನ್ನೆಯಲ್ಲೇ ಮಾತಾಡುವ ದೃಶ್ಯ. ನಾನು ಇದನ್ನು ಕಣ್ಣೀರಿಲ್ಲದೆ ನೋಡಿದ್ದಿಲ್ಲ. ಪಾಠಕ್ಕೆ ಹಾಕುವಾಗ ಮಕ್ಕಳಿಗೆ ಮೊದಲೇ ಹೇಳಿ ಹಾಕುತ್ತೇನೆ, ಅತ್ತವರು ಅತ್ತು ಮುಗಿಸಿ, ಆಮೇಲೆ ಎರಡನೇ ಸಲ ಕೈಗಳನ್ನು ನೋಡೋಣ ಎಂದು.

ಮೈಯ ವಿಷಯದಲ್ಲಿ ಎಚ್ಚರ

2015ರ ಜನವರಿಯ 'ಐ' ಚಿತ್ರದಲ್ಲಿ ಅವರು ದೇಹದಾರ್ಢ್ಯ ಪಟು, ಮಾಡೆಲ್, ಆಮೇಲೆ ರೋಗದಿಂದ ವಿಕಾರವಾದವನು. ಇದಕ್ಕಾಗಿ ಮೈ ಬೆಳೆಸಿ, ಮತ್ತೆ ಬಹಳ ಇಳಿಸಿದರು. ಮಕ್ಕಳು ಇದನ್ನು ನೋಡಿದ ವಾರವೇ ಊಟ ಬಿಡಲು ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಅಂಥ ನಟರ ಹಿಂದೆ ವೈದ್ಯರು, ತರಬೇತುದಾರರು, ಅಡುಗೆಯವರು ಇರುತ್ತಾರೆ. ನಿಮ್ಮ ಬಾಡಿಗೆ ರೂಮಿನಲ್ಲಿ ಯಾರಿದ್ದಾರೆ? ಮೈ ಇಳಿಸುವುದನ್ನೇ ನಟನೆ ಎಂದು ತಿಳಿಯುವುದೂ ತಪ್ಪು. ಆ ಚಿತ್ರದಲ್ಲಿ ಮೈ ಕತೆಗಿಂತ ದೊಡ್ಡದಾಯಿತು ಎಂಬುದು ನನ್ನ ಅಭಿಪ್ರಾಯ. ಅದನ್ನು ಒಪ್ಪದ ಮಕ್ಕಳೂ ಇದ್ದಾರೆ, ಅವರು ಅವರ ಪುಸ್ತಕದಲ್ಲಿ ಅವರ ಅಭಿಪ್ರಾಯ ಬರೆಯುತ್ತಾರೆ.

ಇತ್ತೀಚಿನ ಸಾಲುಗಳು

2016ರ 'ಇರು ಮುಗನ್', 2018ರ 'ಸ್ಕೆಚ್' ಮತ್ತು 'ಸಾಮಿ ಸ್ಕ್ವೇರ್', 2019ರ 'ಕಡಾರಂ ಕೊಂಡಾನ್'. ಇವನ್ನು ಬೇಗ ದಾಟಬಹುದು.

2022ಕ್ಕೆ ಪುಸ್ತಕದಲ್ಲಿ ಹೊಸ ಮನೆಯೊಂದು ಬೇಕಾಗುತ್ತದೆ. ಕಾರ್ತಿಕ್ ಸುಬ್ಬರಾಜ್ ಅವರ 'ಮಹಾನ್' ಟಾಕೀಸಿಗೆ ಬರದೆ ಫೆಬ್ರುವರಿಯಲ್ಲಿ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂತು. ಅದರಲ್ಲಿ ಮಗ ಧ್ರುವ್ ಜೊತೆಯಲ್ಲೇ ನಟಿಸಿದ್ದಾರೆ. ಮನೆಯಲ್ಲಿ ಕೂತು ನೋಡಿದ ಚಿತ್ರಕ್ಕೆ ನೂರನೇ ದಿನದ ಲೆಕ್ಕವಿಲ್ಲ, ಹಾಗಾಗಿ "ಹೇಗೆ ಓಡಿತು" ಎಂಬ ಮನೆ ಖಾಲಿ ಬಿಟ್ಟು ಅಗಲದ ಮನೆಯನ್ನು ತುಂಬಿಸಿ. ಅದೇ ವರ್ಷ 'ಕೋಬ್ರಾ' ಬಂತು, ನಿಲ್ಲಲಿಲ್ಲ. ಒಂದು ತಿಂಗಳಿಗೆ 'ಪೊನ್ನಿಯಿನ್ ಸೆಲ್ವನ್' ಮೊದಲ ಭಾಗ, 2023ರ ಏಪ್ರಿಲ್‌ನಲ್ಲಿ ಎರಡನೆಯದು. ಅಷ್ಟೊಂದು ನಟರ ನಡುವೆ ಆದಿತ್ಯ ಕರಿಕಾಲನ್ ಆಗಿ ಅವರಿಗೆ ಸಿಕ್ಕ ಹೊತ್ತು ಕಡಿಮೆ. ಎರಡನೇ ಭಾಗದಲ್ಲಿ ಐಶ್ವರ್ಯಾ ರೈ ಎದುರಿನ ಅರಮನೆಯ ದೃಶ್ಯವೊಂದೇ ಸಾಕು. ಐವತ್ತು ದಾಟಿದ ನಟ ಪಾಲಿಗೆ ಬಂದ ಹೊತ್ತನ್ನು ಹೇಗೆ ಬಳಸುತ್ತಾನೆ ಎಂದು ಅಲ್ಲಿ ಕಲಿಯಬೇಕು.

2024ರ ಆಗಸ್ಟ್ 15ರಂದು ಬಂದ ಪಾ. ರಂಜಿತ್ ಅವರ 'ತಂಗಲಾನ್' ನಮ್ಮ ರಾಜ್ಯದ ನೆಲದ ಕತೆ, ಕೋಲಾರದ ಚಿನ್ನ ಹುಡುಕಿ ಹೋದವರದ್ದು. ಕನ್ನಡಕ್ಕೆ ಡಬ್ ಆದದ್ದೂ ಇದೆ, ಆದರೆ ಅಭ್ಯಾಸಕ್ಕೆ ತಮಿಳಿನದ್ದನ್ನೇ ನೋಡಿ. ದನಿಗಾಗಿ ಇಷ್ಟು ಪುಟ ಬರೆದು ಕೊನೆಯಲ್ಲಿ ಬೇರೆಯವರ ದನಿ ಕೇಳುವುದು ಸರಿಯಲ್ಲ. ಕಾರ್ಖಾನೆ, ಗಣಿ ಎಂದು ಊರು ಬಿಟ್ಟು ಬಂದವರ ಮಕ್ಕಳ ಜೊತೆ ಬೆಳೆದ ನನಗೆ ಈ ಚಿತ್ರ ಬೇರೆಯವರಿಗಿಂತ ಹೆಚ್ಚು ತಟ್ಟಿರಬಹುದು.

ಕೊನೆಯ ಪುಟಗಳು

ಪುಸ್ತಕ ಇಲ್ಲಿಗೆ ಬಂದಾಗ ಹಿಂದಿನಿಂದ ಮುಂದಕ್ಕೆ ಒಮ್ಮೆ ಓದಿ. ಹಸಿರು ಸಾಲುಗಳ ಪಕ್ಕದಲ್ಲಿ, ಆ ಕೆಲಸ ಮುಂದೆ ಯಾವ ಚಿತ್ರದಲ್ಲಿ ಕೈಗೆ ಬಂತು ಎಂದು ಬಾಣ ಹಾಕಿ. 1993ರಿಂದ 2003ಕ್ಕೆ ಹೋಗುವ ಬಾಣ ಒಂದಿರಲೇಬೇಕು. ಉಳಿದವನ್ನು ನೀವೇ ಹುಡುಕಿ.

ಆಮೇಲೆ ಹೊಸ ಪುಟದಲ್ಲಿ ನಿಮ್ಮದೇ ಹೆಸರು ಬರೆದು ಇದೇ ಮನೆಗಳನ್ನು ಹಾಕಿ. ವರ್ಷಕ್ಕೊಂದು ಸಾಲು ಸಾಲದು, ತಿಂಗಳಿಗೊಂದು ಹಾಕಿ. ಕಾಲೇಜಿನ ನಾಟಕ, ಗಣಪತಿ ಪೆಂಡಾಲಿನ ಏಕಪಾತ್ರಾಭಿನಯ, ಏನೂ ಮಾಡದ ಶ್ರಾವಣ ಎಲ್ಲವೂ ಬರಲಿ. ಬೆಂಗಳೂರಿಗೆ ಹೋದ ಮೇಲೂ ತಿಂಗಳ ಕೊನೆಯ ರಾತ್ರಿ ಒಂದು ಸಾಲು ತುಂಬಿಸಿ. ರಜೆಗೆ ಬಂದಾಗ ಆ ಪುಸ್ತಕ ಹಿಡಿದು ನಮ್ಮ ಮನೆಗೆ ಬನ್ನಿ, ಕೂತು ಓದೋಣ.

ಎರಡನೇ ಪುಸ್ತಕಕ್ಕೆ ಅರವಿಂದ್ ಸ್ವಾಮಿ ಅವರನ್ನು ತೆಗೆದುಕೊಳ್ಳಿ. 1992ರ 'ರೋಜಾ', 1995ರ 'ಬಾಂಬೆ', ಆಮೇಲೆ 2000ದ ನಂತರ ನಟನೆಯಿಂದ ದೂರವಾಗಿ 2013ರ 'ಕಡಲ್'ನಲ್ಲಿ ಮರಳಿದವರು, 2015ರ 'ತನಿ ಒರುವನ್'ನಲ್ಲಿ ಖಳನಾಗಿ ಎಲ್ಲರ ಬಾಯಲ್ಲಿ ಬಂದವರು. ಅವರಿಗೆ ಪುಸ್ತಕ ಮಾಡುವಾಗ 2001ರಿಂದ 2012ರವರೆಗೆ ಪೂರ್ತಿ ಒಂದು ಪುಟ ಬಿಟ್ಟು ಗೆರೆ ಹಾಕಿಕೊಳ್ಳಿ.